ಕುರಿ ಬೀಳಿಸುವ ಮುಲಾಮು

ನಮ್ಮ ಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದನ್ನು ಯಾರೂ ನಂಬುವುದಿಲ್ಲ. ಮೊಸರಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಇರುತ್ತದೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ನೆನೆಸಿಟ್ಟ ಹೆಸರುಕಾಳು, ಬಿಸ್ಕೀಟಿನ ಚೆಂದದ ನೀಲಿ ಡಬ್ಬಿಯಲ್ಲಿ ಸೂಜಿ-ದಾರ. ಟೆಕ್ಸಸ್ಸಿನ ಯಾವ ಕನ್ನಡದವರ ಮನೆಗೆ ಹೋದರೂ ಇದೇ ಹಣೆಬರಹ. ಹೀಗಿರುವಾಗ ನನ್ನ ಗಂಡ ಸುನೀಲ ಒಂದು ಮೊಸರಿನ ಡಬ್ಬಿಯ ಮೇಲೆ ದೊಡ್ಡದಾಗಿ ‘ಗುಂಡಿನ ಗ್ರೀಸು, ಮುಟ್ಟಬೇಡಿ’ ಎಂದು ಬರೆದು ಪ್ಯಾಂಟ್ರಿಯಲ್ಲಿ ಇಟ್ಟ. ಜನ್ಮದಲ್ಲಿ ಮೊದಲ ಸಲ ಡಬ್ಬಿಯ ಮೇಲೆ ಖರೇ ಮಾತು ಬರೆದ, ಅದೇ ಮುಳುವಾಯಿತು.

ಅವನನ್ನು ‘ಅವನು’ ಅನ್ನುತ್ತಿದ್ದೇನೆ ಎಂದು ಯಾರೂ ಹುಬ್ಬೇರಿಸಬೇಡಿ. ಎದುರಿಗೆ ‘ರೀ’ ಅನ್ನುತ್ತೇನೆ. ಅವನು ಮಾಡಿದ್ದನ್ನು ಕೇಳಿದ ಮೇಲೆ ನೀವೂ ‘ಅವನು’ ಅನ್ನುತ್ತೀರಿ.

ಸುನೀಲ ಇಳಕಲ್ಲಿನವನು. ನಮ್ಮ ಮನೆ ಫುಲ್‌ಶೀರಿನಲ್ಲಿ, ಅವನ ಗ್ರ್ಯಾನೈಟ್ ಅಂಗಡಿ ಹ್ಯೂಸ್ಟನ್ನಿನಲ್ಲಿ. ಊರವರ ಅಡುಗೆಮನೆಗೆಲ್ಲ ಕಲ್ಲು ಕೂರಿಸುತ್ತಾನೆ. ನಾನು, ನಿವೇದಿತಾ, ಪಕ್ಕದ ಊರು ಕೇಟಿಯಲ್ಲಿ ಹಲ್ಲಿನ ಡಾಕ್ಟರು. ಒಮ್ಮೆ ಕಲ್ಲು ಅಳೆಯಲು ಹೋದ ಮನೆಯಲ್ಲಿ ಇವನು ಗೋಡೆಯ ಮೇಲಿದ್ದ ಹಳೇ ಮಾದರಿಯ ರೈಫಲ್ಲೊಂದನ್ನು ನೋಡಿ ಮನಸೋತ. ಒಂದು ಸಲಕ್ಕೆ ಒಂದೇ ಗುಂಡು, ಅದಕ್ಕೆ ಕರಿಮದ್ದು, ಹೊಡೆದರೆ ದೀಪಾವಳಿಯ ಗರ್ನಾಲಿನಷ್ಟು ಹೊಗೆ. ಅಂಥದ್ದೇ ಒಂದು ತಂದ. ಅಂಗಡಿಯಲ್ಲಿ ಸಿಗುವ ತೋಟಾ ಹಾಕಿದರೆ ಈ ಆಟಕ್ಕೆ ಮರ್ಯಾದೆ ಇಲ್ಲವಂತೆ. ತಾನೇ ಸೀಸ ಕರಗಿಸಬೇಕು, ಅಚ್ಚಿಗೆ ಎರೆಯಬೇಕು, ಗುಂಡಿಗೆ ಗ್ರೀಸು ಮೆತ್ತಬೇಕು, ಹಿತ್ತಾಳೆಯ ತೋಟಾಕ್ಕೆ ಮದ್ದು ತುಂಬಿ ಮೇಲೆ ಗುಂಡು ಕೂರಿಸಬೇಕು. ಮನೆಯಲ್ಲಿ ಒಂದು ಲೋಟ ಚಹಾ ಮಾಡಿಕೊಳ್ಳದ ಗಂಡಸು ಗ್ಯಾರೇಜಿನಲ್ಲಿ ಇಷ್ಟೆಲ್ಲ ಅಡುಗೆ ಮಾಡುತ್ತಿದ್ದ.

ಆಟವೇನೆಂದರೆ, ಆಸ್ಟಿನ್ನಿನ ಆಚೆಯ ಬಯಲಿನಲ್ಲಿ ಕಬ್ಬಿಣದ ತಗಡಿನ ಪ್ರಾಣಿಗಳನ್ನು ನಿಲ್ಲಿಸಿರುತ್ತಾರೆ. ಹತ್ತಿರದಲ್ಲಿ ಕೋಳಿ, ಆಚೆ ಹಂದಿ, ಅದರಾಚೆ ಟರ್ಕಿ ಹಕ್ಕಿ, ಕೊನೆಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಟಗರು. ಗುಂಡು ತಾಗಿ ಠಣ್ ಅಂದರೆ ಸಾಲದು, ಪ್ರಾಣಿ ಬೀಳಬೇಕು. ಸುನೀಲ ಕೋಳಿ ಬೀಳಿಸಿದ, ಹಂದಿ ಬೀಳಿಸಿದ, ಟರ್ಕಿಯನ್ನೂ ಕೆಡವಿದ. ಟಗರು ಮಾತ್ರ ಹಲ್ಲು ಕಿಸಿದುಕೊಂಡು ನಿಂತೇ ಇತ್ತು. ಮನೆಯಲ್ಲಿ ಅದನ್ನು ನಾವು ‘ಕುರಿ’ ಎಂದೇ ಕರೆಯುತ್ತಿದ್ದೆವು. ಸಿಟ್ಟು ಬಂದಾಗ ನಾನು ಅವನನ್ನೂ ಹಾಗೇ ಕರೆಯುತ್ತಿದ್ದೆ.

ಮೊದಲ ತಪ್ಪು ಗುಂಡಿನದು. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ಗಟ್ಟಿ ಸೀಸದ ಗುಂಡು ಎರೆದ. ಅವು ಎತ್ತೆತ್ತಲೋ ಹೋದವು. ಹಲ್ಲಿನ ಅಚ್ಚು ತೆಗೆಯುವ ನನಗೆ ಅದರ ಮರ್ಮ ಬೇಗ ತಿಳಿಯಿತು. ಸಡಿಲ ಹಲ್ಲುಸೆಟ್ಟು ಬಾಯಲ್ಲಿ ಕುಣಿದ ಹಾಗೆ ಗುಂಡು ನಳಿಗೆಯೊಳಗೆ ಕುಣಿಯುತ್ತಿತ್ತು. ಕರಿಮದ್ದಿಗೆ ಮೆತ್ತನೆಯ ಗುಂಡೇ ಬೇಕು. ಹಿಂದಿನಿಂದ ಮದ್ದು ಗುದ್ದಿದಾಗ ಅದು ಉಬ್ಬಿ ನಳಿಗೆಗೆ ಸರಿಯಾಗಿ ಕೂರುತ್ತದೆ. ಆಮೇಲೆ ಸೀಸಕ್ಕೆ ಚೂರೇ ಚೂರು ತವರ ಬೆರೆಸಿ, ಉಗುರಿನಿಂದ ಗೀರಿದರೆ ಗೀರು ಮೂಡುವಂಥ ಉದ್ದನೆಯ ಗುಂಡುಗಳನ್ನು ಎರೆದ. ಸೊಂಟದ ಸುತ್ತ ಗ್ರೀಸು ಹಿಡಿಯುವ ಚಡಿಗಳು. ನೋಡಲು ಚೆಂದವೇ ಇದ್ದವು, ಸುಳ್ಳು ಯಾಕೆ ಹೇಳಲಿ.

ನಿಜವಾದ ರಾಮಾಯಣ ಗ್ರೀಸಿನದು. ಕರಿಮದ್ದು ಸುಟ್ಟರೆ ನಳಿಗೆಯಲ್ಲಿ ಮಸಿ ಕಟ್ಟುತ್ತದೆ. ಆ ಮಸಿ ಮೆತ್ತಗೆ ಇದ್ದರೆ ಮುಂದಿನ ಗುಂಡು ನೆಟ್ಟಗೆ ಹೋಗುತ್ತದೆ, ಒಣಗಿ ಗಟ್ಟಿಯಾದರೆ ಕೆಟ್ಟಿತು. ಅದಕ್ಕೇ ಜೇನುಮೇಣಕ್ಕೆ ಜಿಡ್ಡು ಬೆರೆಸಿ ಗುಂಡಿನ ಚಡಿಗೆ ತುಂಬುವುದು. ಯಾವ ಜಿಡ್ಡು ಎಂಬುದೇ ಪ್ರಶ್ನೆ. ಸುನೀಲ ಮೊದಲು ವ್ಯಾಸಲೀನ್ ಹಾಕಿದ. ನಳಿಗೆಯಲ್ಲಿ ಡಾಂಬರು ಕಟ್ಟಿತು. ಆಮೇಲೆ ಕೊಬ್ಬರಿ ಎಣ್ಣೆ. ಹ್ಯೂಸ್ಟನ್ನಿನ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲೇ ಕರಗಿ ಮದ್ದಿನೊಳಗೆ ಇಳಿಯಿತು. ಟ್ರಿಗರ್ ಒತ್ತಿದರೆ ಢಂ ಅನ್ನಬೇಕಾದ್ದು ಪುಸ್ಸ್ ಅಂದಿತು. ಆಮೇಲೆ ನಮ್ಮ ಅತ್ತೆ ಕಾಸಿದ ತುಪ್ಪ. ಹೊಗೆಯೆಲ್ಲ ಹೋಳಿಗೆಯ ವಾಸನೆ, ಬಂದವರ ನಾಯಿಗಳೆಲ್ಲ ಇವನ ಹಿಂದೆ. ಕುರಿ ಮಾತ್ರ ಕದಲಲಿಲ್ಲ.

ಆಗ ಸಿಕ್ಕವರು ಉದಯಶಂಕರ. ಮೈಸೂರಿನವರು, ಸಾಫ್ಟ್‌ವೇರಿನವರು, ಡಾಲಸ್ಸಿನ ಬದಿಯ ಲಿಟಲ್ ಎಲ್ಮ್‌ನಲ್ಲಿ ಮನೆ. ಅಲ್ಲಿಂದ ಅವರು, ಇಲ್ಲಿಂದ ನಾವು ಡ್ರೈವ್ ಮಾಡಿಕೊಂಡು ಆಸ್ಟಿನ್ನಿನ ಬಯಲಿನಲ್ಲಿ ಕೂಡುತ್ತಿದ್ದೆವು. ಅವರ ಗುಂಡಿಗೆ ಕುರಿ ಪಟಪಟ ಬೀಳುತ್ತಿತ್ತು. ಗುಟ್ಟೇನು ಎಂದು ಸುನೀಲ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಅವನು ನನಗೆ ಹೇಳಲೇ ಇಲ್ಲ. ಬದಲಿಗೆ, “ಔಡಲೆಣ್ಣಿ, ಜೇನುಮೇಣ, ಇಷ್ಟ” ಎಂದು ಸಾಗಹಾಕಿದ. ಬರೀ ಹರಳೆಣ್ಣೆ ಎಂದು ನಾನು ನಂಬಿದೆ. ಅವನ ಹೊಸ ಗ್ರೀಸಿಗೆ ಗ್ಯಾರೇಜಿನ ಸೆಕೆ ಆಗುವುದಿಲ್ಲವೆಂದು ಪ್ಯಾಂಟ್ರಿಯ ಕೆಳಗಿನ ಹಲಗೆಯಲ್ಲಿ, ಜೋಳದ ಹಿಟ್ಟಿನ ಹಿಂದೆ ಜಾಗವನ್ನೂ ಮಾಡಿಕೊಟ್ಟೆ. ಸೀಸ ಮುಟ್ಟಿದ ಕೈ ಆ ಡಬ್ಬಿಗೆ ತಾಗಕೂಡದು ಎಂದು ತಾಕೀತು ಮಾಡಿದ್ದೆ, ಅದೊಂದನ್ನು ಪಾಲಿಸಿದ್ದ.

ಈಗ ನಮ್ಮ ಅತ್ತೆಯವರ ಸುದ್ದಿಗೆ ಬರುತ್ತೇನೆ. ಕಾಶವ್ವ. ನಮ್ಮ ಜೊತೆಗೇ ಇದ್ದಾರೆ. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದ ಮೇಲೆಯೇ ಚಹಾ. ಈ ದೇಶದಲ್ಲಿ ಯಾವ ಬ್ರೆಡ್ಡಿನಲ್ಲಿ ಯಾವ ತತ್ತಿ, ಯಾವ ಬಿಸ್ಕೀಟಿನಲ್ಲಿ ಯಾವ ಕೊಬ್ಬು ಎಂದು ಅವರಿಗೆ ಅನುಮಾನ. ಹೊರಗಿನದು ಮುಟ್ಟುವುದಿಲ್ಲ, ಯಾರ ಮನೆಯಲ್ಲೂ ಉಣ್ಣುವುದಿಲ್ಲ. “ನಿವೇದಿತಾ ಮಾಡಿದ್ದಾದ್ರ ಕಣ್ಮುಚ್ಚಿ ಉಣ್ಣತೀನಿ” ಎಂದು ಎಲ್ಲರೆದುರು ಹೇಳುತ್ತಾರೆ. ನನ್ನ ಡಾಕ್ಟರಿಕೆಯ ಸರ್ಟಿಫಿಕೇಟು ಗೋಡೆಯ ಮೇಲಿದೆ. ಅದಕ್ಕಿಂತ ನನಗೆ ಈ ಮಾತೇ ದೊಡ್ಡದು. ಹೆತ್ತವಳನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು ನಾನು. ನನ್ನ ಅಡುಗೆಯನ್ನು ಹಾಗೆ ಬಾಯಿ ತುಂಬ ಹೊಗಳಿದವರು ಬೇರೆ ಯಾರೂ ಇರಲಿಲ್ಲ.

ಒಂದು ಗುರುವಾರ ಕ್ಲಿನಿಕ್ಕಿನಿಂದ ಬಂದರೆ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕುಳಿತು, ಆ ಮೊಸರಿನ ಡಬ್ಬಿಯಿಂದ ತೆಗೆದು ಹಿಮ್ಮಡಿಗೆ ತಿಕ್ಕಿಕೊಳ್ಳುತ್ತಿದ್ದಾರೆ. ಎ.ಸಿ. ಗಾಳಿಗೆ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು, ಎಷ್ಟು ಕ್ರೀಮು ತಂದರೂ ಪ್ರಯೋಜನವಾಗಿರಲಿಲ್ಲ. ಈಗ ನೋಡಿದರೆ ಎಳೇ ಕೂಸಿನ ಕಾಲು!

“ಅತ್ಯಾರ, ಅದರ ಮ್ಯಾಲೆ ಮುಟ್ಟಬ್ಯಾಡ್ರಿ ಅಂತ ಬರದೈತಲ್ರಿ!”

“ಅದಕ್ಕ ಮುಟ್ಟಿದೆ. ನೀ ಚಕ್ಕುಲಿ ಡಬ್ಬಿ ಮ್ಯಾಲೂ ಹಂಗ ಬರದಿರ್ತಿ. ಮುಟ್ಟಬ್ಯಾಡ ಅಂದ್ರ ಒಳಗ ಏನೋ ಚೊಲೋದ ಐತಿ ಅಂತ ಅರ್ಥ. ಮೂಸಿ ನೋಡಿದೆ, ಜೇನುಮೇಣ. ನಮ್ಮ ತವರುಮನ್ಯಾಗೂ ಇಂಥದ್ದ ಮುಲಾಮು ಮಾಡ್ತಿದ್ರು. ನನ್ನ ಮಗ ನನಗ ಅಂತ ಮಾಡಿಟ್ಟಾನ, ಹೇಳಾಕ ನಾಚಿಕಿ ಅವಂಗ.”

ಔಡಲೆಣ್ಣೆಯಲ್ಲವೇ, ಹಚ್ಚಿಕೊಂಡರೆ ಏನಾಯಿತು ಎಂದು ನಾನೂ ನಕ್ಕು ಒಳಗೆ ಹೋದೆ. ಊಟದ ಹೊತ್ತಿಗೆ ಸುನೀಲನಿಗೆ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈಯಲ್ಲಿದ್ದ ರೊಟ್ಟಿಯ ತುಂಡು ಹಾಗೇ ಪಲ್ಯದಲ್ಲಿ ನಿಂತಿತು. ನಾನು ಅವನನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದೆ.

“ಏನೈತ್ರಿ ಅದರಾಗ?”

“ಜೇನುಮೇಣ.”

“ಮತ್ತ?”

“ಮತ್ತ... ಸ್ವಲ್ಪ ಕುರಿ ಕೊಬ್ಬು.”

ಹುಟ್ಟಿದಾರಭ್ಯ ಮಾಂಸದ ಅಂಗಡಿಯ ಮೆಟ್ಟಿಲು ಹತ್ತದ ಮನುಷ್ಯ, ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ ಕುರಿ ಕೊಬ್ಬು ಕೊಂಡು ತಂದಿದ್ದ! ಕುರಿ ಬೀಳಿಸಲು ಕುರಿಯ ಕೊಬ್ಬೇ ಆಗಬೇಕು ಎಂದು ಉದಯಶಂಕರ ಹೇಳಿದ್ದರಂತೆ. ನಾನಿಲ್ಲದ ದಿನ ನೋಡಿ ಗ್ಯಾರೇಜಿನಲ್ಲಿ ಕಾಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಸಿ, ಮತ್ತೆ ಸೋಸಿದ್ದನಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

“ಕಾಡತೂಸಿಗೆ ಹಚ್ಚಿದ ಕೊಬ್ಬಿಗೇ ದೇಶದಾಗ ಒಮ್ಮೆ ದಂಗೆ ಆಗೇತಿ, ಗೊತ್ತೈತಿಲ್ರಿ? ಈಗ ಮನ್ಯಾಗ ಆಗ್ತೈತಿ ನೋಡ್ರಿ. ಅದನ್ನ ತಿಕ್ಕಿಕೊಂಡ ಕೈಯಾಗ ಅವರು ಲಿಂಗ ಹಿಡಿದಾರ. ಈಗಿಂದೀಗ ಹೋಗಿ ಹೇಳ್ರಿ.”

“ರವಿವಾರ ಮ್ಯಾಚ್ ಐತಿ. ಅದೊಂದು ಮುಗೀಲಿ, ಕಾಲು ಹಿಡದು ಹೇಳ್ತೀನಿ. ಅವ್ವ ಸಿಟ್ಟಾದ್ರ ನನ್ನ ಕೈ ನಡುಗ್ತಾವ, ಕುರಿ ಬೀಳೂದಿಲ್ಲ.”

ನನಗೆ ಬಂದ ಸಿಟ್ಟಿಗೆ ಆ ಸೀಸದ ಗುಂಡೊಂದನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಆದರೆ ಅತ್ತೆಗೆ ನಾನೇ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವರು ನನ್ನ ಅಡುಗೆಮನೆಯನ್ನು ಮತ್ತೆ ನಂಬುವುದುಂಟೆ? ಕುರಿ ಕೊಬ್ಬಿನ ಡಬ್ಬಿಯ ಮುಂದೆಯೇ ನಾನು ಇಟ್ಟ ಜೋಳದ ಹಿಟ್ಟಿತ್ತು. ರವಿವಾರದವರೆಗೆ ತಡೆದರಾಯಿತು ಎಂದು ಡಬ್ಬಿಯನ್ನು ಬಚ್ಚಿಟ್ಟೆ.

ತಡೆಯುವುದೇನು ಬಂತು? ಆ ಹೊತ್ತಿಗೆ ಮುಲಾಮು ಊರು ಸೇರಿತ್ತು. ಅರಿಶಿನ-ಕುಂಕುಮಕ್ಕೆ ಕರೆದವರು ಕೊಡುವ ಪುಟ್ಟ ಪುಟ್ಟ ಕುಂಕುಮದ ಡಬ್ಬಿಗಳು ನಮ್ಮಲ್ಲಿ ಒಂದು ರಾಶಿ ಇವೆ. ಅತ್ತೆ ಅವುಗಳಲ್ಲಿ ತುಂಬಿ, ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋದಾಗಲೆಲ್ಲ ಕಾಲು ಒಡೆದ ಹೆಂಗಸರಿಗೆ ಹಂಚಿ ಬಂದಿದ್ದರು. “ನನ್ನ ಮಗ ಮಾಡಿದ್ದು” ಎಂದು ಬೇರೆ ಹೇಳಿದ್ದರು.

ರವಿವಾರ ಅತ್ತೆ ತಾವೂ ಮ್ಯಾಚಿಗೆ ಬರುತ್ತೇನೆ ಎಂದು ಹೊರಟು ನಿಂತರು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಸಿಕೊಂಡರು. ಬಯಲಿನಲ್ಲಿ ಸೆರಗಿನ ಮೇಲೆಯೇ ಸದ್ದು ತಡೆಯುವ ದೊಡ್ಡ ಕಿವಿಮುಚ್ಚಳ ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದರು. ಒಂದು ಗುಂಡು ಹೊಡೆದ ಮೇಲೆ ನಳಿಗೆಯ ಮಸಿ ಒಣಗದಿರಲಿ ಎಂದು ಒಂದು ಕೊಳವೆ ಇಟ್ಟು ಬಾಯಿಂದ ಊದುತ್ತಾರೆ. ಸುನೀಲ ಹಾಗೆ ಊದುವುದನ್ನು ಕಂಡು ಅವರಿಗೆ ಬಲು ಸಂತೋಷವಾಯಿತು. “ಇದ್ಯಾವ ದೊಡ್ಡ ವಿದ್ಯೆ? ಒಲಿ ಊದೂ ಊದುಗೊಳವಿ! ಜನ್ಮೆಲ್ಲ ಊದೀನಿ” ಎಂದರು.

ನನ್ನ ಕೆಲಸ ದುರ್ಬೀನಿನದು. ಗುಂಡು ಎಲ್ಲಿ ಬಿತ್ತು, ಗಾಳಿ ಎತ್ತ ಬೀಸುತ್ತಿದೆ ಎಂದು ಸುನೀಲನಿಗೆ ಹೇಳಬೇಕು. ಕೋಳಿ, ಹಂದಿ, ಟರ್ಕಿ ಮುಗಿದವು. ಕುರಿಯ ಸರದಿಗೆ ಮುಂಚೆ ಸ್ವಲ್ಪ ಬಿಡುವು ಕೊಟ್ಟರು. ಆಗ ಉದಯಶಂಕರ ಅತ್ತೆಗೆ ನಮಸ್ಕಾರ ಮಾಡಲು ಬಂದರು. ಚಪ್ಪಲಿಯಲ್ಲಿದ್ದ ಅವರ ಹಿಮ್ಮಡಿ ಅತ್ತೆಯ ಕಣ್ಣಿಗೆ ಬಿತ್ತು.

“ಏನಪಾ, ಕಾಲು ಹಿಂಗ ಒಡಕೊಂಡಿ? ತಗೋ ಇದನ್ನ, ನನ್ನ ಮಗ ಮಾಡಿದ್ದು” ಎಂದು ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಕೊಟ್ಟೇಬಿಟ್ಟರು. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಉದಯಶಂಕರ ಮುಚ್ಚಳ ತೆಗೆದು ಮೂಸಿದರು. ಮುಖ ಅರಳಿತು.

“ಅಯ್ಯೋ, ಇದು ನಾನು ಹೇಳಿಕೊಟ್ಟಿದ್ದಲ್ವಾ! ಅಮ್ಮಾ, ನೀವು ಎಷ್ಟು ಮುಂದುವರಿದವರು! ನಮ್ಮನೇಲಿ ಹೆಂಡತಿ ಶಕುಂತಲಾಗೆ ಗೊತ್ತಾದ್ರೆ ನನ್ನನ್ನ ಮನೆಯಿಂದಾಚೆ ಹಾಕ್ತಾಳೆ. ಕುರಿ ಕೊಬ್ಬನ್ನ ಎಷ್ಟು ಚೆನ್ನಾಗಿ ಸೋಸಿದೀರಾ ಸುನೀಲ್, ವಾಸನೇನೇ ಇಲ್ಲ!”

ಅತ್ತೆ ಅವರನ್ನು ನೋಡಿದರು. ಸುನೀಲನನ್ನು ನೋಡಿದರು. ತಮ್ಮ ಅಂಗೈ ನೋಡಿಕೊಂಡರು. ಮೈಸೂರಿನವರಿಗೆ ಆಗ ಬುದ್ಧಿ ಬಂದು, “ಬರ್ತೀನಿ, ಗಾಳಿ ತಿರುಗ್ತಿದೆ” ಎಂದು ಕಾಲು ಕಿತ್ತರು.

“ಅವ್ವಾ, ಇವತ್ತ ಹೇಳಾಂವ ಇದ್ದೆ...” ಎಂದ ಸುನೀಲ.

“ಕಾಲಿಗಿ ಹತ್ತಿದ್ದು ಸಬಕಾರ ಹಚ್ಚಿ ತೊಳದ್ರ ಹೋಗ್ತೈತಿ. ನಿನ್ನ ಬಾಯಿಗಿ ಹತ್ತಿದ ಸುಳ್ಳು ಹೆಂಗ ತೊಳೀತೀಯೋ?”

ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನನ್ನ ಕಡೆ ತಿರುಗಿ, “ನಿನಗೂ ಗೊತ್ತಿತ್ತೇನವಾ?” ಎಂದರು.

“ಗುರುವಾರದಿಂದ ಗೊತ್ತಿತ್ರಿ” ಎಂದೆ.

ಅಷ್ಟರಲ್ಲಿ ಆಚೆಯಿಂದ ಸೀಟಿ ಊದಿದರು. ಕುರಿಯ ಸರದಿ. ಸುನೀಲ ನೆಲದ ಮೇಲೆ ಮಲಗಿ, ಕತ್ತರಿ ಹಾಕಿದ ಎರಡು ಕೋಲಿನ ಮೇಲೆ ನಳಿಗೆ ಇಟ್ಟ. ನಾನು ದುರ್ಬೀನಿಗೆ ಕಣ್ಣು ಕೊಡಬೇಕಿತ್ತು. ಅತ್ತೆ ಎದ್ದು, ದೂರದ ನಲ್ಲಿಯ ಕಡೆ ಒಬ್ಬರೇ ನಡೆದು ಹೋಗುತ್ತಿದ್ದರು, ನಾನು ಅವರನ್ನೇ ನೋಡುತ್ತಿದ್ದೆ. ನಲ್ಲಿಯ ಕೆಳಗೆ ಬಾಗಿ ಕೈ ತಿಕ್ಕಿದರು, ಕಾಲು ತಿಕ್ಕಿದರು, ಮತ್ತೆ ಕೈ ತಿಕ್ಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಹಿಂದೆ ಢಂ ಎಂದಿತು, ಹೊಗೆ ಎದ್ದಿತು, ದೂರದಲ್ಲಿ ಎಲ್ಲೋ ಕಬ್ಬಿಣದ ಸದ್ದಾಯಿತು, ಜನ ಹೋ ಎಂದರು.

“ಬಿತ್ತೇನ?” ಎಂದು ಸುನೀಲ ಹೊಗೆಯೊಳಗಿಂದ ಕೇಳಿದ.

“ನಾ ನೋಡಲಿಲ್ಲ” ಎಂದೆ.

ಬಿದ್ದಿತ್ತು. ಇಷ್ಟು ದಿನ ಕಾಡಿದ ಕುರಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಗುರುತಿಲ್ಲದವರೆಲ್ಲ ಬಂದು ಅವನ ಬೆನ್ನು ತಟ್ಟಿದರು. ಮನೆಯವರು ಒಬ್ಬರೂ ನೋಡಿರಲಿಲ್ಲ. ಅವನ ಮುಖ ನೋಡಿದರೆ, ಬಿದ್ದವನು ಅವನೋ ಕುರಿಯೋ ಎಂದು ಹೇಳುವುದು ಕಷ್ಟವಿತ್ತು.

ಫುಲ್‌ಶೀರಿನವರೆಗೂ ಕಾರಿನಲ್ಲಿ ಯಾರೂ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಮನೆಗೆ ಬಂದು ಅತ್ತೆ ತಲೆಯ ಮೇಲೆ ನೀರು ಹಾಕಿಕೊಂಡು, ಪೂಜೆಗೆ ಕುಳಿತರು. ಬಾಳೆಹಣ್ಣು ತಿಂದು ಮಲಗಿದರು. ಮರುದಿನವೂ ಬಾಳೆಹಣ್ಣು. ಅದರ ಮರುದಿನ ಸೇಬು. ನಾನು ಒಲೆ ಹಚ್ಚಿದಾಗಲೆಲ್ಲ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾನು ಪ್ಯಾಂಟ್ರಿ ಪೂರ್ತಿ ಖಾಲಿ ಮಾಡಿ, ಹಲಗೆಗಳನ್ನು ತಿಕ್ಕಿ ತೊಳೆದು, ಹಿಟ್ಟನ್ನೆಲ್ಲ ಚೆಲ್ಲಿ ಹೊಸದು ತಂದೆ. ಅವರು ನೋಡಿದರು, ಮತ್ತೆ ಸೇಬೇ ಕೈಗೆತ್ತಿಕೊಂಡರು. ಆ ವಾರ ನಾನು ಎಷ್ಟು ಜನರ ಹಲ್ಲು ಕಿತ್ತೆನೋ, ಅಷ್ಟೂ ಜನ ನನ್ನನ್ನು ಶಪಿಸಿರಬೇಕು.

ಕೊನೆಗೆ ಅತ್ತೆ ಸುನೀಲನನ್ನು ಕರೆದರು. “ನನ್ನ ಮಗ ಮಾಡಿದ್ದು ಅಂತ ಹೇಳಿ ಹಂಚೀನಿ. ಈಗ ನನ್ನ ಮಗನ ಹೋಗಿ, ಒಳಗ ಏನಿತ್ತು ಅಂತ ಹೇಳಿ, ಒಂದೊಂದ ಡಬ್ಬಿನೂ ತಿರುಗಿ ತರಬೇಕು. ಫೋನಿನಾಗ ಅಲ್ಲ. ಮನಿಮನಿಗೆ ಹೋಗಿ.”

ಆ ಮೆರವಣಿಗೆಗೆ ಡ್ರೈವರ್ ನಾನು. ಸುನೀಲ ಬಾಗಿಲು ಬಾಗಿಲಿಗೆ ಹೋಗಿ, “ನಮಸ್ಕಾರ ಆಂಟಿ, ಅವ್ವ ಕೊಟ್ಟ ಮುಲಾಮಿನಾಗ ಕುರಿ ಕೊಬ್ಬು ಐತ್ರಿ, ತಪ್ಪು ನಂದು” ಎಂದು ಕೈ ಮುಗಿದ. ಒಬ್ಬರು ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು ತಂದುಕೊಟ್ಟರು. ಇನ್ನೊಬ್ಬರು ಅವನ ಮೇಲೆ ಗೋಮೂತ್ರ ಚಿಮುಕಿಸುವುದೊಂದೇ ಬಾಕಿ ಇತ್ತು. ಪೇರ್‌ಲ್ಯಾಂಡಿನ ಮಧುರಾ ಆಂಟಿ ಮಾತ್ರ ಪೂರ್ತಿ ಕೇಳಿಸಿಕೊಂಡು, ಆಚೀಚೆ ನೋಡಿ, “ಆ ಡಬ್ಬಿ ಎಲ್ಲೋ ಕಳೆದುಹೋಗಿದೆಯಪ್ಪ” ಎಂದರು. ಅವರ ಹಿಮ್ಮಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿಲು ಹಾಕುವಾಗ, “ನೀನು ಬಂದು ಹೇಳಿದೆ, ನಾನು ಕೇಳಿಸಿಕೊಳ್ಳಲಿಲ್ಲ, ಸರಿಯಾ?” ಎಂದು ಪಿಸುಗುಟ್ಟಿದರು.

ಮನೆಗೆ ಬಂದು ಸುನೀಲ ಡಬ್ಬಿಗಳನ್ನು ಅವ್ವನ ಮುಂದೆ ಇಟ್ಟ. ಮಧುರಾ ಆಂಟಿ ಅಂದದ್ದನ್ನೂ ಹೇಳಿದ, ಒಂದಕ್ಷರ ಮುಚ್ಚಿಡಲಿಲ್ಲ. ಅತ್ತೆ ಮುಖ ಬಿಗಿ ಹಿಡಿದು ಕೇಳುತ್ತಿದ್ದರು. ‘ಕೇಳಿಸಿಕೊಳ್ಳಲಿಲ್ಲ’ ಎಂಬಲ್ಲಿಗೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ನಗು ಸೆರಗಿನ ಸುತ್ತಲಿಂದ ಹೊರಗೆ ಬಂತು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಹಸಿವ್ಯಾಗೇತಿ, ನಿವೇದಿತಾ. ಎರಡು ರೊಟ್ಟಿ ಬಡಿ.”

ಆ ದಿನ ನನ್ನ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ. ಅಳುತ್ತ ಬಡಿದರೆ ಹೇಗೆ ಬಂದೀತು? ಅವರು ಕಣ್ಣು ಮುಚ್ಚಿಯೇ ಉಂಡರು, ನಾನು ಸಾಕು ಅನ್ನುವಷ್ಟು.

ಈಗ ಮುಲಾಮು ಅತ್ತೆಯ ಎದುರಿಗೇ ಆಗುತ್ತದೆ. ಔಡಲೆಣ್ಣೆ ಮತ್ತು ಜೇನುಮೇಣ, ಕಲಕುವವನು ಸುನೀಲ. ಒಂದು ಪಾಲು ಹಿಮ್ಮಡಿಗೆ, ಒಂದು ಪಾಲು ಗುಂಡಿಗೆ. ಹಿಮ್ಮಡಿಗೇನೋ ಪರವಾಗಿಲ್ಲ. ಗುಂಡಿನ ವಿಷಯ ಕೇಳಬೇಡಿ. ಮುಂದಿನ ಮ್ಯಾಚಿಗೆ ಅತ್ತೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ದುರ್ಬೀನಿನ ಮುಂದೆ ತಾವೇ ಕುಳಿತರು. ಸುನೀಲ ಕುರಿಗೆ ಗುರಿ ಇಟ್ಟು ಹೊಡೆದ. ಹೊಗೆಯೊಳಗಿಂದ ಆಸೆಯ ದನಿ ಬಂತು.

“ಬಿತ್ತೇನವ್ವಾ?”

ಅತ್ತೆ ಕಣ್ಣು ಕಿರಿದು ಮಾಡಿ ಚೆನ್ನಾಗಿ ನೋಡಿದರು.

“ಇಲ್ಲಪಾ. ಖರೇ ಹೇಳಾಕತ್ತೀನಿ, ನಿಂತೈತಿ. ಆರಾಮ ಮೇಯಾಕತ್ತೈತಿ.”

ಸುನೀಲ ಮಲಗಿದಲ್ಲೇ ನಕ್ಕ. ನಕ್ಕು, ಕೊಳವೆಗೆ ಬಾಯಿಟ್ಟು ಊದಿ, ಇನ್ನೊಂದು ತೋಟಾ ಕೈಗೆತ್ತಿಕೊಂಡ.